ರಂಗಸ್ಥಳಕ್ಕಿಷ್ಟು ಜಾಗ: ಬಿಲ್ಡರ್ ಮಹೋದಯರಿಗೆ ಬಹಿರಂಗ ಪತ್ರ

ಉಡುಪಿ, ಮಣಿಪಾಲ, ಕಾಪು, ಕಾರ್ಕಳದ ಉದ್ದಗಲಕ್ಕೂ ವಸತಿ ಸಮುಚ್ಚಯಗಳನ್ನು ಕಟ್ಟುತ್ತಿರುವ ಮಾನ್ಯ ಬಿಲ್ಡರ್ ಮಹೋದಯರಿಗೆ ಸಾಷ್ಟಾಂಗ ನಮಸ್ಕಾರಗಳು.

ಮೊದಲು ಋಣ ಒಪ್ಪಿಕೊಳ್ಳುತ್ತೇನೆ. ಮುಂಬಯಿಯಲ್ಲಿ, ಗಲ್ಫ್‌ನಲ್ಲಿ ದುಡಿದವರ ಉಳಿತಾಯಕ್ಕೆ ತಾವು ಊರಿನಲ್ಲೇ ಒಂದು ಸೂರು ಕೊಟ್ಟಿರಿ. ಆಟಿ ತಿಂಗಳ ಮಳೆಗೆ ಹಂಚಿನ ಮಾಡು ಎಲ್ಲಿ ಸೋರುತ್ತದೋ ಎಂದು ರಾತ್ರಿಯಿಡೀ ಎದ್ದು ಕೂರುತ್ತಿದ್ದ ಹಿರಿಯರು ಈಗ ನೆಮ್ಮದಿಯಿಂದ ಮಲಗುತ್ತಾರೆ. ಇದು ಸಣ್ಣ ಉಪಕಾರವಲ್ಲ.

ಮನೆಯೆದುರಿನ ಬಾಕಿಮಾರು ಗದ್ದೆಯನ್ನು ಅಷ್ಟು ಅಚ್ಚುಕಟ್ಟಾಗಿ ಸಮತಟ್ಟು ಮಾಡಿದ್ದಕ್ಕೂ ವಂದನೆಗಳು. ಕೊಯ್ಲು ಮುಗಿದು ಗದ್ದೆ ಒಣಗಿದ ಮೇಲೆ ಯಕ್ಷಗಾನ ಮೇಳದ ಲಾರಿ ಬಂದು ನಿಲ್ಲುತ್ತಿದ್ದದ್ದು ಅಲ್ಲೇ. ಸಂಜೆಯೊಳಗೆ ಕಂಬ ನೆಟ್ಟರೆ ರಂಗಸ್ಥಳ, ಅದರ ಹಿಂದೆ ತಡಿಕೆ ಕಟ್ಟಿದರೆ ಬಣ್ಣ ಹಚ್ಚುವ ಚೌಕಿ. ಚೆಂಡೆಯಲ್ಲಿ ಕೇಳಿ ಬಡಿದರೆ ಆಚೆ ಊರಿನವರಿಗೂ ಇವತ್ತು ಇಲ್ಲಿ ಆಟ ಎಂದು ಗೊತ್ತಾಗುತ್ತಿತ್ತು. ಬಯಲಾಟಕ್ಕೆ ಟಿಕೆಟಿಲ್ಲ, ಬಂದವನು ಯಾರು ಎಂದು ಕೇಳುವವರೂ ಇಲ್ಲ. ಮಂದಾರ್ತಿಯ ಐದು ಮೇಳಗಳ ಹರಕೆಯಾಟಕ್ಕೆ ಇಂದಿಗೂ ವರ್ಷಗಟ್ಟಲೆ ಸರದಿ ಕಾಯುವ ಮನೆಗಳಿವೆ. ಆಟದ ಮೇಲಿನ ಆಸೆ ಬತ್ತಿಲ್ಲ ಸ್ವಾಮೀ. ಸರದಿ ಬಂದಾಗ ಮನೆಯೆದುರು ಗದ್ದೆ ಇರುವುದಿಲ್ಲ, ಅಷ್ಟೇ. ಆ ಜಾಗದಲ್ಲಿ ತಮ್ಮ ಪಾರ್ಕಿಂಗ್ ಇರುತ್ತದೆ, ಹಳದಿ ಗೆರೆ ಎಳೆದು ನಂಬರು ಬರೆದದ್ದು.

ತಮ್ಮ ಪಾರ್ಟಿ ಹಾಲಿನ ಬಗ್ಗೆ ಸವಿನಯವಾಗಿ ಒಂದು ಮಾತು. ನಾವಿರುವ ಸಮುಚ್ಚಯದ ಕರಪತ್ರದಲ್ಲಿ ಜಿಮ್, ಈಜುಕೊಳ, ಪಾರ್ಟಿ ಹಾಲ್ ಎಲ್ಲವೂ ಇತ್ತು. ಎಲ್ಲವನ್ನೂ ಹೇಳಿದಂತೆಯೇ ಕೊಟ್ಟಿದ್ದೀರಿ, ಮಾತಿಗೆ ತಪ್ಪಿದವರಲ್ಲ. ಭಾನುವಾರ ಬೆಳಿಗ್ಗೆ ಆ ಹಾಲಿನಲ್ಲಿ ಮಕ್ಕಳಿಗೆ ಯಕ್ಷಗಾನದ ಹೆಜ್ಜೆ ಹೇಳಿಕೊಡುತ್ತೇವೆ ಎಂದು ಕೇಳಿಕೊಂಡೆವು. ಗೆಜ್ಜೆಯಿಂದ ಟೈಲ್ಸಿಗೆ ಗೀರು ಬೀಳುತ್ತದೆ ಎಂದರು ತಮ್ಮ ಕಡೆಯವರು. ಚಾಪೆ ಹಾಸುತ್ತೇವೆ ಎಂದೆವು. ಚೆಂಡೆ ಮೇಲಿನ ಮಹಡಿಗೆ ಕೇಳುತ್ತದೆ ಎಂದರು. ಮದ್ದಳೆ ಮಾತ್ರ ಸಾಕು ಎಂದೆವು. ಕೊನೆಗೆ, ಹೊರಗಿನ ಮಕ್ಕಳು ಗೇಟಿನೊಳಗೆ ಬರುವಂತಿಲ್ಲ ಎಂದರು. ಅಲ್ಲಿಗೆ ನಮ್ಮ ಬಾಯಿ ಕಟ್ಟಿತು. ಯಕ್ಷಶಿಕ್ಷಣ ಟ್ರಸ್ಟಿನ ಮೂಲಕ ಪ್ರೌಢಶಾಲೆಗಳಲ್ಲಿ ಹೆಜ್ಜೆ ಕಲಿತು ಉಡುಪಿ ಕೃಷ್ಣಮಠದ ರಾಜಾಂಗಣದಲ್ಲಿ ವೇಷ ಮಾಡುವ ಮಕ್ಕಳಿದ್ದಾರೆ. ಅಂಥ ಮಕ್ಕಳು ಮನೆಗೆ ಬಂದು ದಿಗಿಣ ಹಾರಬೇಕಾದರೆ ಕೆಳಗಿನ ಫ್ಲ್ಯಾಟಿನವರ ಅಪ್ಪಣೆ ಬೇಕು.

ಮಹೋದಯರೇ, ಮಣಿಪಾಲದ ಗುಡ್ಡ ಒಂದು ಕಾಲಕ್ಕೆ ಬೋಳು ಗುಡ್ಡ. 1953ರಲ್ಲಿ ಡಾ. ಟಿ.ಎಂ.ಎ. ಪೈ ಅಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಕಟ್ಟಿದರು. ಅದಕ್ಕೂ ನಾಲ್ಕು ವರ್ಷ ಮೊದಲು, 1949ರಲ್ಲಿ, ಉಡುಪಿಯಲ್ಲಿ ಎಂಜಿಎಂ ಕಾಲೇಜು ಶುರುವಾಗಿತ್ತು. ಅದರ ಪ್ರಾಂಶುಪಾಲರಾಗಿದ್ದ ಕು.ಶಿ. ಹರಿದಾಸ ಭಟ್ಟರು ಪಾಠದ ಕೋಣೆಯಷ್ಟಕ್ಕೇ ತೃಪ್ತರಾಗಲಿಲ್ಲ. ಅವರ ಮತ್ತು ಶಿವರಾಮ ಕಾರಂತರ ಆಸಕ್ತಿಯಿಂದ 1971ರಲ್ಲಿ ಯಕ್ಷಗಾನ ಕೇಂದ್ರ ಹುಟ್ಟಿತು. ಅಲ್ಲಿ ಮಕ್ಕಳು ಗುರುಗಳ ಜೊತೆಯಲ್ಲೇ ಇದ್ದು ಕಲಿತರು. 1965ರಲ್ಲಿ ಹುಟ್ಟಿದ ರಂಗಭೂಮಿ ಸಂಸ್ಥೆಯ ನಾಟಕ ಸ್ಪರ್ಧೆಗಳಿಗೆ ಅದೇ ಕಾಲೇಜಿನ ಮುದ್ದಣ ಮಂಟಪ ನೆಲೆಯಾಯಿತು. ಜಾಗ ಇದ್ದವರು ಜಾಗ ಕೊಟ್ಟರು, ಆಮೇಲೆ ಕಲೆ ತಾನಾಗಿ ಬೆಳೆಯಿತು. ಈಗ ಜಾಗ ಇರುವವರು ತಾವು.

ಕಾಪು ಕಡೆಯ ಕುಂಜೂರಿನ ಚೌಕಿಮನೆ, ಕಾರ್ಕಳ ಬಳಿಯ ಮಿಯಾರಿನ ಮನೆ ಇವತ್ತು ಎಲ್ಲಿವೆ, ಬಲ್ಲಿರಾ? ಮಣಿಪಾಲದ ಹಸ್ತಶಿಲ್ಪ ಪರಂಪರೆ ಗ್ರಾಮದಲ್ಲಿವೆ. ವಿಜಯನಾಥ ಶೆಣೈ ಅವುಗಳ ಕಂಬ, ತೊಲೆ, ಬಾಗಿಲುಗಳನ್ನು ಬಿಚ್ಚಿ ತಂದು ಮತ್ತೆ ಜೋಡಿಸಿದರು. ಆ ಮಹಾನುಭಾವರಿಗೆ ಎಷ್ಟು ಕೈಮುಗಿದರೂ ಸಾಲದು. ಆದರೆ ಎಲ್ಲಾ ಮನೆಗಳನ್ನೂ ಹಾಗೆ ಎತ್ತಿ ತರಲು ಒಬ್ಬ ಮನುಷ್ಯನ ಆಯುಸ್ಸು ಸಾಕಾಗುತ್ತದೆಯೇ? ಹಳೆಯ ಚೌಕಿಮನೆಯ ನಡು ಅಂಗಳದ ಸುತ್ತಿನ ಜಗಲಿಯಲ್ಲಿ ತಾಳಮದ್ದಳೆ ನಡೆಯುತ್ತಿತ್ತು. ಅದಕ್ಕೆ ಬೇಕಾದದ್ದು ದೀಪ, ಚಾಪೆ, ಮಳೆ ತಾಗದ ಒಂದಿಷ್ಟು ನೆಲ. ಮನೆ ಕೆಡವುವ ಭರದಲ್ಲಿ ಆ ನೆಲದ ಲೆಕ್ಕ ತಮ್ಮ ಕೈತಪ್ಪಿತು.

ದೇಶ ಅಭಿವೃದ್ಧಿಯಾಗಬೇಕಾದರೆ ಚೀನಾದ ಹಾಗೆ ಕಟ್ಟಬೇಕು ಎಂದು ತಾವು ಆಗಾಗ ಅಪ್ಪಣೆ ಕೊಡಿಸುತ್ತೀರಿ. ಒಪ್ಪಿದೆ. ಶೆನ್‌ಝೆನ್ 1980ರಲ್ಲಿ ವಿಶೇಷ ಆರ್ಥಿಕ ವಲಯವಾಯಿತು. ಗಗನಚುಂಬಿಗಳ ನಡುವೆಯೇ 2006ರಲ್ಲಿ ಅಲ್ಲಿ ದೊಡ್ಡ ಸಾರ್ವಜನಿಕ ಗ್ರಂಥಾಲಯ ತೆರೆಯಿತು, ಪಕ್ಕದಲ್ಲೇ ಸಂಗೀತ ಭವನವೂ ಬಂತು. ಗುವಾಂಗ್‌ಝೌನಲ್ಲಿ 2010ರಲ್ಲಿ ಒಪೆರಾ ಭವನವಾಯಿತು. ಭವ್ಯ ಭವನ ಕಟ್ಟಿ ಆಮೇಲೆ ಪ್ರೇಕ್ಷಕರನ್ನು ಹುಡುಕಬೇಕಾಯಿತು ಎಂಬ ದೂರು ಅಲ್ಲಿನ ನಗರಗಳ ಬಗ್ಗೆ ಇದೆ. ತಮಗೆ ಆ ಕಷ್ಟವೂ ಇಲ್ಲ. ಇಲ್ಲಿ ಭಾಗವತರಿದ್ದಾರೆ, ವೇಷಧಾರಿಗಳಿದ್ದಾರೆ, ನಿದ್ದೆಗೆಟ್ಟು ನೋಡುವ ಜನರೂ ಇದ್ದಾರೆ.

ನಗರವೆಂಬ ಹೆಸರೇ ಇಲ್ಲದ ಕಾಂತಾವರವನ್ನು ನೋಡಿ. ಕಾರ್ಕಳ ತಾಲೂಕಿನ ಆ ಹಳ್ಳಿಯಲ್ಲಿ ನಾ. ಮೊಗಸಾಲೆಯವರು 1976ರಲ್ಲಿ ಕನ್ನಡ ಸಂಘ ಕಟ್ಟಿದರು. ಮುದ್ದಣನ ಹೆಸರಿನಲ್ಲಿ ಕಾವ್ಯ ಪ್ರಶಸ್ತಿ, ‘ನಾಡಿಗೆ ನಮಸ್ಕಾರ’ ಪುಸ್ತಕ ಮಾಲೆ, ಒಂದು ಕನ್ನಡ ಭವನ: ಇಷ್ಟೂ ಅಲ್ಲಿ ಆಗಿದೆ. ಹಳ್ಳಿಗೆ ಸಾಧ್ಯವಾದದ್ದು ಕೋಟಿ ಕೋಟಿ ವ್ಯವಹಾರದ ತಮಗೆ ಭಾರವಾಗಲಾರದು.

ಆದ್ದರಿಂದ ಪಾದಕ್ಕೆರಗಿ ಬೇಡುತ್ತೇನೆ. ಮುಂದಿನ ಸಮುಚ್ಚಯದ ನೀಲನಕ್ಷೆಯಲ್ಲಿ, ನೆಲ ಅಂತಸ್ತಿನಲ್ಲಿ, ಒಂದು ರಂಗಸ್ಥಳ ಹಿಡಿಯುವಷ್ಟು ದೊಡ್ಡ ಹಾಲ್ ಬರೆಸಿ. ಬಣ್ಣ ಹಚ್ಚಲು ಹಿಂದೆ ಒಂದು ಕೋಣೆ ಇರಲಿ. ಸದ್ದು ಮೇಲೆ ಹೋಗದಂತೆ ಗೋಡೆ, ತಾರಸಿ ಕಟ್ಟಿಸಿ, ಅದರ ವಿದ್ಯೆ ತಮ್ಮ ಎಂಜಿನಿಯರುಗಳಿಗೆ ಗೊತ್ತು. ಜೂನಿನಿಂದ ಸೆಪ್ಟೆಂಬರಿನವರೆಗೆ ಈ ಕರಾವಳಿಯಲ್ಲಿ ಬಯಲಿನಲ್ಲಿ ಏನೂ ನಡೆಸಲಾಗದು, ಆಗಲಾದರೂ ಆ ಹಾಲ್ ಊರಿಗೆ ಸಿಗಲಿ. ಬಾಗಿಲು ಮಾತ್ರ ಗೇಟಿನೊಳಗೆ ಬೇಡ, ರಸ್ತೆಯ ಕಡೆಗೆ ಇಡಿ. ಊರಿನ ಯಾವ ಮಗುವೂ ವಾಚ್‌ಮ್ಯಾನ್‌ನ ಅಪ್ಪಣೆ ಕೇಳದೆ ಒಳಗೆ ಬರುವಂತಾಗಲಿ. ಆ ಷರತ್ತನ್ನು ಕ್ರಯಪತ್ರದಲ್ಲೇ ಬರೆಸಿಕೊಡಿ.

ಇಂತಿ ತಮ್ಮ ವಿಧೇಯ,
ತಮ್ಮ ಕಟ್ಟಡವೊಂದರ ಮೂರನೇ ಮಹಡಿಯ ನಿವಾಸಿ