ಬುದ್ಧ ಎಷ್ಟು ಅಡಿ ಎತ್ತರದಲ್ಲಿರಬೇಕು?

ಬೇಸಿಗೆ ರಜೆ ಹತ್ತಿರ ಬಂತೆಂದರೆ ಹುಮನಾಬಾದ್, ಬಸವಕಲ್ಯಾಣಗಳ ಅನುಕೂಲಸ್ಥ ಮನೆಗಳಲ್ಲಿ ಪರ್ವತದ ಮೇಲಿನ ಪುರಾತನ ಬೌದ್ಧ ವಿಹಾರವೊಂದನ್ನು ನೋಡಿಬರುವ ಆಸೆ ಏಳುತ್ತದೆ. ಆಸೆಯೇ ದುಃಖಕ್ಕೆ ಮೂಲ ಎಂದವನನ್ನು ನೋಡಲು ಆಸೆಪಡುವುದರಲ್ಲಿ ದೋಷವೇನಿಲ್ಲ. ಆದರೆ ಶಾಸ್ತ್ರ ತಿಳಿಯದೆ ಹೊರಟವರು ತಪ್ಪು ಬುದ್ಧನನ್ನು ನೋಡಿ ಬಂದುಬಿಡುವ ಅಪಾಯವಿದೆ. ಅದಕ್ಕಾಗಿ ಈ ಮಾರ್ಗಸೂಚಿ. ಇದನ್ನು ಬರೆಯಲು ನನಗೇನು ಅಧಿಕಾರ ಎಂದು ಕೇಳುವವರು ‘ಮಾನಸೋಲ್ಲಾಸ’ ನೋಡಬೇಕು. ಕಲ್ಯಾಣದ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ಆ ಗ್ರಂಥದಲ್ಲಿ ಆನೆ ಹಿಡಿಯುವುದು, ಅಡುಗೆ, ಆಭರಣ, ಕೋಳಿಜಗಳ, ಎಲ್ಲವೂ ಉಂಟು. ಎಲ್ಲದರ ಬಗ್ಗೆಯೂ ಅಪ್ಪಣೆ ಕೊಡಿಸುವುದು ಈ ಮಣ್ಣಿನ ಗುಣ.

ಮೊದಲು ಪರ್ವತದ ವಿಚಾರ. ನಮ್ಮಲ್ಲಿ ಬೆಟ್ಟವಿಲ್ಲ ಎಂಬ ಅಪಪ್ರಚಾರವನ್ನು ನಾನು ಒಪ್ಪುವುದಿಲ್ಲ. ಈ ಸೀಮೆಯೇ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲಿದೆ. ಬೀದರ್–ಕಲಬುರಗಿ ರೈಲಿಗಾಗಿ ಮರಗುತ್ತಿ ಬಳಿ ಒಂದೂವರೆ ಕಿಲೋಮೀಟರಿಗೂ ಮಿಕ್ಕಿದ ಸುರಂಗ ಕೊರೆದರು, 2017ರಲ್ಲಿ ರೈಲು ಓಡಿತು. ಬೆಟ್ಟವೇ ಇಲ್ಲದಿದ್ದರೆ ಕೊರೆದದ್ದು ಏನನ್ನು? ತೊಡಕು ಇರುವುದು ಬೇರೆ ಕಡೆ. ನಾವು ಹುಟ್ಟುವಾಗಲೇ ಬೆಟ್ಟದ ನೆತ್ತಿಯ ಮೇಲೆ ಹುಟ್ಟುವುದರಿಂದ ಹತ್ತುವ ಪ್ರಸಂಗವೇ ಬರುವುದಿಲ್ಲ. ಏದುಸಿರು ಬಿಡದೆ ಕಂಡ ಬುದ್ಧನಿಂದ ಮನಶ್ಶಾಂತಿ ಸಿಕ್ಕಿದ ಉದಾಹರಣೆ ಪ್ರವಾಸಶಾಸ್ತ್ರದಲ್ಲಿಲ್ಲ.

ಶಾಂತಿಯನ್ನು ಅಳೆಯುವ ಕ್ರಮ ಹೀಗಿದೆ: ಹುಮನಾಬಾದ್ ಬಸ್ ನಿಲ್ದಾಣದಿಂದ ವಿಹಾರಕ್ಕಿರುವ ದೂರವನ್ನು ವಿಹಾರದ ಎತ್ತರದಿಂದ ಗುಣಿಸಿ, ಬಂದದ್ದನ್ನು ಅಲ್ಲಿ ನಿಮ್ಮ ಗುರುತು ಹಿಡಿಯಬಲ್ಲವರ ಸಂಖ್ಯೆಯಿಂದ ಭಾಗಿಸಬೇಕು. ಕೊನೆಯ ಅಂಶವನ್ನು ಹೊಸಬರು ಮರೆಯುತ್ತಾರೆ. ಲೆಕ್ಕ ತಪ್ಪುವುದೇ ಅಲ್ಲಿ.

ಈ ಸೂತ್ರದ ಪ್ರಕಾರ ಹತ್ತಿರದ ತಾಣಗಳನ್ನು ಪರಿಶೀಲಿಸೋಣ. ಭೀಮಾ ದಂಡೆಯ ಸನ್ನತಿಗೆ ನಮ್ಮವರು ಚಂದ್ರಲಾಂಬೆಯ ದರ್ಶನಕ್ಕೆ ಹೋಗುವುದುಂಟು. 1986ರಲ್ಲಿ ಅಲ್ಲಿಯ ಕಾಳಿ ಗುಡಿಯ ಚಾವಣಿ ಕುಸಿದಾಗ, ವಿಗ್ರಹದ ಕೆಳಗಿದ್ದ ಚಪ್ಪಡಿಯ ಮೇಲೆ ಅಶೋಕನ ಶಾಸನ ಕಂಡಿತು. ಪಕ್ಕದ ಕನಗನಹಳ್ಳಿಯಲ್ಲಿ ಅಗೆದಾಗ ದೊಡ್ಡದೊಂದು ಸ್ತೂಪವೇ ಸಿಕ್ಕಿತು. ಅದರ ಕಲ್ಲಿನಲ್ಲಿ ರಾಣಿಯೊಡನೆ ನಿಂತ ಅಶೋಕನಿದ್ದಾನೆ. ಯಾರೆಂದು ಅನುಮಾನ ಬಾರದಿರಲಿ ಎಂದು ಬ್ರಾಹ್ಮಿಯಲ್ಲಿ ಹೆಸರನ್ನೂ ಕೆತ್ತಿದ್ದಾರೆ. ವಿದ್ವಾಂಸರು ಕುಣಿದಾಡಿದರು. ನಾನು ಅಂಕ ಕೊಡಲಿಲ್ಲ. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೋಗಿ ರಾತ್ರಿ ಊಟಕ್ಕೆ ಮನೆಗೆ ಬರಬಹುದಾದ ಜಾಗವನ್ನು ಪ್ರವಾಸ ಎನ್ನಲಾಗದು. ಇನ್ನು ಎತ್ತರವೋ, ಸ್ತೂಪದ ಹೆಸರೇ ಅಧೋಲೋಕ ಮಹಾಚೈತ್ಯ.

ಐಹೊಳೆಯ ಮೇಗುಟಿ ಗುಡ್ಡದಲ್ಲಿ, ನೆತ್ತಿಗಿಂತ ತುಸು ಕೆಳಗೆ, ಎರಡು ಅಂತಸ್ತಿನ ಬೌದ್ಧ ಚೈತ್ಯವಿದೆ. ಗುಡ್ಡ ಇದೆ, ಮೆಟ್ಟಿಲಿವೆ, ಬಂಡೆಗೆ ಆತು ನಿಂತ ಕಟ್ಟಡವಿದೆ, ಪುರಾತನವೂ ಹೌದು. ಎಲ್ಲ ಷರತ್ತೂ ಪೂರೈಸಿರುವುದರಿಂದ ಇದನ್ನು ತಿರಸ್ಕರಿಸಲು ನನಗೆ ಬಹಳ ಕಷ್ಟವಾಯಿತು. ಕೊನೆಗೆ ಕಾರಣ ಸಿಕ್ಕಿತು: ಕೆಳಗೆ ದುರ್ಗಾ ಗುಡಿಯ ಮುಂದೆ ಫೋಟೊ ತೆಗೆಸಿಕೊಳ್ಳುವಷ್ಟರಲ್ಲಿ ಬಿಸಿಲೇರಿರುತ್ತದೆ.

ಗದಗ ಜಿಲ್ಲೆಯ ದಂಬಳದ್ದು ಇನ್ನೂ ಸೂಕ್ಷ್ಮ ಪ್ರಕರಣ. 1095ರ ಅಲ್ಲಿಯ ಶಾಸನ, ಹದಿನಾರು ಮಂದಿ ಸೆಟ್ಟರು ಕಟ್ಟಿಸಿದ ಬೌದ್ಧ ವಿಹಾರದ ಬಗ್ಗೆ, ತಾರಾದೇವಿಯ ಬಗ್ಗೆ ಹೇಳುತ್ತದೆ. ಆಗ ಆಳುತ್ತಿದ್ದವನು ಆರನೆಯ ವಿಕ್ರಮಾದಿತ್ಯ, ರಾಜಧಾನಿ ನಮ್ಮದೇ ಕಲ್ಯಾಣ. ಅದಕ್ಕೂ ಮೂವತ್ತು ವರ್ಷ ಮೊದಲು, 1065ರಲ್ಲಿ, ಒಂದನೆಯ ಸೋಮೇಶ್ವರನ ದಂಡನಾಯಕ ರೂಪಭಟ್ಟಯ್ಯ ಬಳ್ಳಿಗಾವೆಯಲ್ಲಿ ಜಯಂತಿ ಬೌದ್ಧ ವಿಹಾರ ಕಟ್ಟಿಸಿದ್ದ. ಅಂದರೆ ವ್ಯಾಪಾರಸ್ಥರೂ ಅಧಿಕಾರಿಗಳೂ ಬುದ್ಧನಿಗೆ ಕೈ ಬಿಚ್ಚಿ ಖರ್ಚು ಮಾಡುತ್ತಿದ್ದ ಕಾಲ ಒಂದಿತ್ತು, ಅದೂ ನಮ್ಮ ಅರಸರ ನೆರಳಿನಲ್ಲಿ. ಇದನ್ನು ನಮ್ಮ ಇಂದಿನ ವ್ಯಾಪಾರಸ್ಥರ ಕಿವಿಗೆ ಹಾಕಬಾರದೆಂದು ಸೂಚಿಸುತ್ತೇನೆ. ಗದಗಿನ ಕಡೆ ನಾವು ಕನ್ಯಾ ನೋಡಲು ಹೋಗುತ್ತೇವೆ, ನಿರ್ವಾಣಕ್ಕಲ್ಲ.

ಇನ್ನು ಊರೊಳಗಿನ ವಿಹಾರ. ಈ ವಿಷಯ ಎತ್ತಬಾರದೆಂದಿದ್ದೆ. ಆದರೆ ಮಾರ್ಗಸೂಚಿಯ ಕರಡು ಓದಿದ ಹುಡುಗನೊಬ್ಬ, “ಅಲ್ರೀ ಕಾಕಾ, ಬುದ್ಧ ನಮ್ಮೂರಾಗೂ ಅದಾನಲ್ರೀ, ಆ ಓಣ್ಯಾಗ?” ಎಂದ. “ಆ ಬುದ್ಧ ಬ್ಯಾರೆ, ತಮ್ಮಾ” ಎಂದೆ. “ಹ್ಯಾಂಗ್ ಬ್ಯಾರೆ ರೀ?” ಎಂದ. ಹುಡುಗರಿಗೆ ಓದಿಸಬಾರದು.

ಹೇಗೆ ಬೇರೆ ಎಂಬುದನ್ನು ಸಪ್ರಮಾಣವಾಗಿ ತಿಳಿಸುತ್ತೇನೆ. ನಮ್ಮ ಜಿಲ್ಲೆಯ ಊರೂರಲ್ಲಿರುವ ಈ ವಿಹಾರಗಳು ಸಾಮಾನ್ಯವಾಗಿ ಸಿಮೆಂಟಿನ ಚೌಕ ಕಟ್ಟಡಗಳು. ಒಳಗೆ ಬುದ್ಧ, ಬುದ್ಧನ ಮಗ್ಗುಲಿಗೆ ನೀಲಿ ಕೋಟಿನ ಬಾಬಾಸಾಹೇಬರು. ಎತ್ತರ, ಮೂರು ಮೆಟ್ಟಿಲು. ದೂರ, ಕಿರಾಣಿ ಅಂಗಡಿ ದಾಟಿದರೆ ಸಿಕ್ಕಿತು. ಗುರುತು ಹಿಡಿಯಬಲ್ಲವರು, ಓಣಿಗೆ ಓಣಿಯೇ. ಸೂತ್ರಕ್ಕೆ ಹಾಕಿದರೆ ಶಾಂತಿ ಋಣಸಂಖ್ಯೆಗೆ ಇಳಿಯುತ್ತದೆ, ಗಣಿತದಲ್ಲಿ ಇದು ಹೇಗೆ ಸಾಧ್ಯ ಎಂದು ಕೇಳಬೇಡಿ, ಹುಮನಾಬಾದಿನಲ್ಲಿ ಸಾಧ್ಯ.

ಐತಿಹಾಸಿಕತೆಯ ಪ್ರಶ್ನೆಯೂ ಇದೆ. ಅಂಬೇಡ್ಕರ್ ನಾಗಪುರದಲ್ಲಿ ಲಕ್ಷಾಂತರ ಜನರೊಡನೆ ಬೌದ್ಧ ಧಮ್ಮ ಸ್ವೀಕರಿಸಿದ್ದು 1956ರ ಅಕ್ಟೋಬರ್ 14. ಬೀದರ್ ಜಿಲ್ಲೆ ಹೈದರಾಬಾದಿನಿಂದ ಬಿಡಿಸಿಕೊಂಡು ಮೈಸೂರು ರಾಜ್ಯ ಸೇರಿದ್ದು ಅದೇ ವರ್ಷದ ನವೆಂಬರ್ 1. ಎರಡನೆಯದನ್ನು ನಾವು ಪ್ರತಿವರ್ಷ ಧ್ವಜ ಹಾರಿಸಿ ಚರಿತ್ರೆ ಎನ್ನುತ್ತೇವೆ. ಅದಕ್ಕಿಂತ ಹದಿನೆಂಟು ದಿನ ಹಳೆಯದಾದ ಮೊದಲನೆಯದು ಯಾಕೆ ಚರಿತ್ರೆಯಲ್ಲ? ಆ ಹಾದಿ ಹಿಡಿದವರ ಮೊಮ್ಮಕ್ಕಳ ಬಳಿ ನಮ್ಮ ಮೊಬೈಲ್ ನಂಬರ್ ಇದೆ, ಅದಕ್ಕೆ. ಚರಿತ್ರೆಯಲ್ಲಿರುವವರು ಹಾಗೆಲ್ಲ ಫೋನ್ ಮಾಡಬಾರದು.

ಎಲ್ಲಕ್ಕಿಂತ ಮುಖ್ಯವಾದದ್ದು ಚಹಾ. ಓಣಿಯ ವಿಹಾರಕ್ಕೆ ಹೋದರೆ ಯಾರಾದರೂ ಮನೆಗೆ ಕರೆಯುತ್ತಾರೆ. “ಬರ್ರಿ ಸಾವಕಾರ್ರ, ಒಂದ್ ಕಪ್ ಚಾ ಕುಡಿದ್ ಹೋಗ್ರಿ” ಎನ್ನುತ್ತಾರೆ. ಆಗ ಸಕ್ಕರೆ ಕಾಯಿಲೆ, ಈಗಷ್ಟೇ ಕುಡಿದದ್ದು, ಡಾಕ್ಟರು ಬೇಡವೆಂದದ್ದು ಇವನ್ನೆಲ್ಲ ಒಂದರ ಹಿಂದೊಂದು ನೆನಪಿಸಿಕೊಳ್ಳಬೇಕಾಗುತ್ತದೆ. ದೂರದ ಅರುಣಾಚಲದ ಪರ್ವತದ ಮೇಲಿರುವ ತವಾಂಗ್ ವಿಹಾರದಲ್ಲಿ ಈ ಶ್ರಮವಿಲ್ಲ. ಅಲ್ಲಿ ಅಪರಿಚಿತರು ಕೊಟ್ಟ ಉಪ್ಪಿನ ಬೆಣ್ಣೆ ಚಹಾವನ್ನು ನಮ್ಮವರು ಎರಡೂ ಕೈಯಿಂದ ಹಿಡಿದು, ಕಣ್ಣು ಮುಚ್ಚಿ ಕುಡಿದು, ಲೋಟದ ಫೋಟೊವನ್ನೂ ಸ್ಟೇಟಸ್ಸಿಗೆ ಹಾಕುತ್ತಾರೆ. ಸುಮಾರು 3,000 ಮೀಟರ್ ಎತ್ತರದಲ್ಲಿ ಲೋಟಗಳು ತಾವಾಗಿಯೇ ಶುದ್ಧವಾಗುತ್ತವೆ. ಗಾಳಿ ತೆಳುವಾಗಿರುವುದು ಕಾರಣವಿರಬೇಕು.

ಬಸವಕಲ್ಯಾಣದವರೊಡನೆ ಮಾತಾಡುವಾಗ ಇದನ್ನು ಜಾತಿಯ ಪ್ರಶ್ನೆ ಎಂದು ಕರೆಯುವುದು ಅನುಚಿತ. ಆ ಕಡತ ಅಲ್ಲಿ 12ನೇ ಶತಮಾನದಲ್ಲೇ ಮುಕ್ತಾಯವಾಗಿದೆ. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಶರಣರು ಮದುವೆ ಮಾಡಿಸಿದರು. ಬೀಗರಿಬ್ಬರಿಗೂ ಎಳೆಹೂಟೆಯ ಶಿಕ್ಷೆಯಾಯಿತು. ಅದರ ನೆನಪಿಗೆ ಈಗ 108 ಅಡಿಯ ಬಸವಣ್ಣ ನಿಂತಿದ್ದಾನೆ, 770 ಕಂಬಗಳ ಹೊಸ ಅನುಭವ ಮಂಟಪದ ಯೋಜನೆ ಬಂದಿದೆ. ಇಷ್ಟು ಕಂಬಗಳ ನಡುವೆ ಮತ್ತೆ ಅದೇ ಮಾತೆತ್ತುವುದು ಎಂಜಿನಿಯರುಗಳಿಗೆ ಮಾಡಿದ ಅವಮಾನ.

ಹೀಗೆ ಶೋಧಿಸಿ ಉಳಿದದ್ದು ತವಾಂಗ್. 1680–81ರಲ್ಲಿ ಮೆರಾಕ್ ಲಾಮಾ ಲೋಡ್ರೆ ಗ್ಯಾತ್ಸೊ ಕಟ್ಟಿಸಿದ ವಿಹಾರ. 1959ರಲ್ಲಿ ಟಿಬೆಟ್ ತೊರೆದು ಬಂದ ದಲೈ ಲಾಮಾ ಮೊದಲು ತಂಗಿದ ನೆಲೆಗಳಲ್ಲೊಂದು. ಹೈದರಾಬಾದಿನಿಂದ ವಿಮಾನದಲ್ಲಿ ಗುವಾಹಟಿ, ಅಲ್ಲಿಂದ ಮೇಲೆ ಗಾಡಿ. ಕಡಕ್ ರೊಟ್ಟಿ, ಶೇಂಗಾ ಹಿಂಡಿ ಸಾಕಷ್ಟಿರಲಿ, ದಾರಿಯ ಸೇಲಾ ಪಾಸ್ ದಾಟುವವರೆಗೆ ಮಾತ್ರ. ಆಮೇಲೆ ಥುಕ್ಪಾ ಚೆನ್ನಾಗಿದೆ ಎನ್ನಬೇಕು. ಪ್ರಾರ್ಥನಾ ಚಕ್ರವನ್ನು ಬಲಕ್ಕೇ ತಿರುಗಿಸಿ. ನಸುಕಿನಲ್ಲಿ ಕೇಳುವ ಮಂತ್ರಪಠಣ ಅಲ್ಲಿ ದಿವ್ಯ ಅನುಭವ. ನಸುಕಿನಲ್ಲಿ ಓಣಿಯ ಮೈಕಿನಿಂದ ಕೇಳುವ ತ್ರಿಶರಣಕ್ಕೆ ಪೊಲೀಸ್ ಠಾಣೆಗೆ ಫೋನ್ ಮಾಡುವ ಅಭ್ಯಾಸವಿದ್ದವರು ಅಲ್ಲಿ ಫೋನ್ ಮುಟ್ಟಬಾರದು.

ಅರುಣಾಚಲಕ್ಕೆ ಹೋಗಲು ಇನ್ನರ್ ಲೈನ್ ಪರ್ಮಿಟ್ ಬೇಕು. ಗಾಬರಿ ಬೇಡ. ಅರ್ಜಿ ತುಂಬಿ, ಫೋಟೊ ಲಗತ್ತಿಸಿ, ಶುಲ್ಕ ಕಟ್ಟಿದರೆ ಆಯಿತು. ಊರಿನ ಆ ಓಣಿಗೆ ಹೋಗಲು ಪರ್ಮಿಟ್ ಕೊಡುವ ಕಚೇರಿಯೇ ಇಲ್ಲ. ಆದ್ದರಿಂದಲೇ ನಮ್ಮವರು ಇಷ್ಟು ವರ್ಷವಾದರೂ ಹೋಗಲಾಗಿಲ್ಲ, ಕಾನೂನು ಪಾಲಿಸುವ ಜನ.

ಕೊನೆಯದಾಗಿ ಖರೀದಿ. ಗಾಡಿಗೆ ಕಟ್ಟಲು ಎಲ್ಲರೂ ಪ್ರಾರ್ಥನಾ ಪತಾಕೆ ತರುತ್ತಾರೆ. ಇಲ್ಲಿ ಎಚ್ಚರ ಬೇಕು. ಪರ್ವತದ ಪತಾಕೆಗೂ ಐದು ಬಣ್ಣ, ಬುದ್ಧ ಪೂರ್ಣಿಮೆಗೆ ಓಣಿಯಲ್ಲಿ ಹಾರುವ ಪಂಚಶೀಲ ಧ್ವಜಕ್ಕೂ ಐದೇ ಬಣ್ಣ. ನೀಲಿ, ಹಳದಿ, ಕೆಂಪು, ಬಿಳಿ ಎರಡರಲ್ಲೂ ಇವೆ. ಐದನೆಯದು ಹಸಿರಾಗಿದ್ದರೆ ಪರ್ವತದ್ದು, ಧೈರ್ಯವಾಗಿ ಕಟ್ಟಿ. ಕಿತ್ತಳೆಯಾಗಿದ್ದರೆ ಬಿಚ್ಚಿಡಿ. ಅದನ್ನು ಕಟ್ಟಿಕೊಂಡು ಸಸ್ತಾಪುರ ಬಂಗ್ಲಾದಲ್ಲಿ ಚಹಾಕ್ಕೆ ಗಾಡಿ ನಿಲ್ಲಿಸಿದಿರೆಂದರೆ, ಇಪ್ಪತ್ತು ವರ್ಷದಿಂದ ನಿಮ್ಮನ್ನು ಬಲ್ಲ ಹೋಟೆಲಿನವ ಲೋಟ ಕೈಯಲ್ಲಿ ಹಿಡಿದೇ ಕೇಳುತ್ತಾನೆ: “ನಿಮ್ಮ ಅಡ್ಡೆಸರು ಏನಂದ್ರಿ?”