ಝಳಕೀಯ ಅಧೋರೇಖಾಮೀಮಾಂಸೆ

ಪುಸ್ತಕವನ್ನು ತೆರೆದೊಡನೆ ವಿದ್ಯಾರ್ಥಿಯ ಓದು ಆರಂಭವಾಗುವುದೆಂಬ ಲೋಕರೂಢಿಯು ಅಪಸಿದ್ಧಾಂತವೆಂಬುದನ್ನು, ವಿಜಾಪುರ–ಸೊಲ್ಲಾಪುರ ಹೆದ್ದಾರಿಯ ಝಳಕಿ ಕ್ರಾಸಿನಲ್ಲಿ ಇಂಡಿಯ ಬಸ್ಸಿಗಾಗಿ ಕಾಯುತ್ತ ಈ ಲೇಖಕನು ಆಚರಿಸಿದ ದೀರ್ಘ ತಪಸ್ಸು (ಅದರ ಅವಧಿಯನ್ನು ನಿರ್ಣಯಿಸಿದ್ದು ಬಸ್ಸು) ನಿಸ್ಸಂದೇಹವಾಗಿ ಸಿದ್ಧಪಡಿಸಿದೆ. ಓದು ಆರಂಭವಾಗುವುದು ಕೆಂಪು ಪೆನ್ನನ್ನು ಹುಡುಕುವುದರಿಂದ. ಮೊದಲ ದಿನ ಮುಖ್ಯವಾಕ್ಯಗಳ ಕೆಳಗೆ ಗೆರೆ ಬೀಳುತ್ತದೆ; ಮರುದಿನ, ಉಳಿದವುಗಳಿಗೆ ಅನ್ಯಾಯವಾದೀತೆಂಬ ಕಾರುಣ್ಯದಿಂದ, ಅವುಗಳ ಕೆಳಗೂ. ಅಲ್ಲಿ ನಾನು ಕಂಡ ಹತ್ತನೆಯ ಇಯತ್ತೆಯ ಗೈಡೊಂದರಲ್ಲಿ ಗೆರೆಯಿಲ್ಲದೆ ಉಳಿದಿದ್ದುದು ಬೆಲೆ ಅಚ್ಚಾದ ಸಾಲು ಮಾತ್ರ. ಒಡೆಯನಿಗೆ ನೆನಪಿದ್ದುದೂ ಅದೊಂದೇ.

1946ರಲ್ಲಿ ಅಮೆರಿಕದ ಫ್ರಾನ್ಸಿಸ್ ರಾಬಿನ್‌ಸನ್ ಎಂಬ ಪಂಡಿತನು ಸಮೀಕ್ಷೆ, ಪ್ರಶ್ನೆ, ಪಠನ, ನಿರೂಪಣೆ, ಪುನರವಲೋಕನಗಳೆಂಬ ಅಧ್ಯಯನ ಪಂಚಾಂಗವನ್ನು ಪ್ರಕಟಿಸಿದನಷ್ಟೆ. ಝಳಕಿಯ ಭಾಷ್ಯದಂತೆ ಸಮೀಕ್ಷೆಯೆಂದರೆ ಇನ್ನೆಷ್ಟು ಪುಟ ಉಳಿದಿವೆಯೆಂದು ಎಣಿಸುವುದು, ಪ್ರಶ್ನೆಯೆಂದರೆ, “ಇದು ಪರೀಕ್ಷಾದಾಗ ಬರ್ತದೇನ್ರೀ ಸರ್?” ಪಠನ, ಪುನರವಲೋಕನಗಳೆರಡೂ ಪರೀಕ್ಷೆಯ ಮುಂಜಾನೆ ಬಸ್ಸಿನಲ್ಲಿ ಏಕಕಾಲಕ್ಕೆ ಜರುಗುತ್ತವೆ. ಪುಸ್ತಕ ಮುಚ್ಚಿ ಸ್ವಂತ ಮಾತಿನಲ್ಲಿ ಹೇಳಬೇಕೆಂಬ ನಿರೂಪಣೆಯು ಲುಪ್ತ. ವಿಸ್ಮೃತಿಯ ವೇಗವನ್ನು ಅಳೆಯಲೆಂದು ಅರ್ಥವಿಲ್ಲದ ಅಕ್ಷರಪುಂಜಗಳನ್ನೇ ಉರುಹೊಡೆದು 1885ರಲ್ಲಿ ಗ್ರಂಥ ಬರೆದ ಜರ್ಮನಿಯ ಎಬಿಂಗ್‌ಹೌಸನು ಅವುಗಳನ್ನು ಶ್ರಮಪಟ್ಟು ರಚಿಸಿಕೊಳ್ಳಬೇಕಾಯಿತು. ನಮ್ಮವರು ಅರ್ಥವುಳ್ಳ ಪಾಠಗಳನ್ನೇ ಅನಾಯಾಸವಾಗಿ ಆ ಪದವಿಗೇರಿಸಿದ್ದಾರೆ.

ಇಷ್ಟರಲ್ಲಿ, ಜೋಳದ ಚೀಲದ ಮೇಲೆ ಕುಳಿತಿದ್ದ ನಿರಕ್ಷರಿ ಆಯಿಯೊಬ್ಬಳಿಂದ ಪೂರ್ವಪಕ್ಷವು ಉದ್ಭವಿಸಿತು. “ಹೊತ್ತಿಗಿ ಮುಚ್ಚಿ ಹೇಳೊ ತಮ್ಮಾ, ಕೇಳ್ತೀನಿ.”

“ಕಪ್ಪು ಮಣ್ಣು ತೇವಾಂಶವನ್ನು ಹಿಡಿದಿಡುತ್ತದೆ,” ಎಂದ ಮೊಮ್ಮಗ, ಗೆರೆ ಎಳೆದಂತೆಯೇ.

“ಹಿಡೀತದ, ಖರೆ. ಯಾಕ ಹಿಡೀತದ?”

ಹುಡುಗ ತಡವರಿಸಿ, ಗೈಡು ತೆರೆದು, ನೋಡಿ, ಮತ್ತೆ ಮುಚ್ಚಿದ. “ಜಿಗುಟು ಮಣ್ಣ ಆಯಿ, ಅದರ ಕಣಾ ಭಾಳ ಸಣ್ಣು. ನೀರು ಲಗೂನ ಇಳಿಯೂದಿಲ್ಲ.”

“ಅದಕ್ಕs ನೋಡು, ಮಳಿ ನಿಂತ ಮ್ಯಾಲೂ ನಮ್ಮ ಹಿಂಗಾರಿ ಜ್ವಾಳ ಬರ್ತದ.”

ಹುಡುಗನು ಮೂರನೆಯ ಸಲ, ಜೋಳವನ್ನೂ ಸೇರಿಸಿಕೊಂಡು, ತಡೆಯಿಲ್ಲದೆ ಹೇಳಿದನು. ನೆರೆಯ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಸಂಕಲನವನ್ನು 1931ರಲ್ಲಿ ಹೊರತಂದದ್ದು ಇಂಥ ಹೆಂಗಸರ ಕಂಠದಿಂದ ಬರೆದುಕೊಂಡೇ ಎಂಬುದು ನನಗೆ ತಿಳಿಯದ್ದೇನಲ್ಲ. ಆದರೂ ಆ ಹಾಡುಗಳಿಗೆ ಯಾರೂ ಅಧೋರೇಖೆ ಹಾಕಿರಲಿಲ್ಲವಾದ್ದರಿಂದ ಅವನ್ನು ಪ್ರಮಾಣವೆಂದು ಸ್ವೀಕರಿಸಲು ಶಾಸ್ತ್ರಸಂಕೋಚವಿದೆ. ಹಾಗಾಗಿ ಆಯಿಯ ಸಂವಾದವನ್ನು ಟಿಪ್ಪಣಿ ಪುಸ್ತಕದಲ್ಲಿ ಇಳಿಸಿ, ಸಾಲುಸಾಲಿಗೂ ಕೆಂಪು ಗೆರೆ ಎಳೆಯುತ್ತ ಕುಳಿತೆನು. ಇಂಡಿಯ ಬಸ್ಸು ಬಂದು, ಅಜ್ಜಿ ಮೊಮ್ಮಕ್ಕಳನ್ನೂ ಜೋಳದ ಚೀಲವನ್ನೂ ಹತ್ತಿಸಿಕೊಂಡು ಹೋಗಿತ್ತು.