ಟ್ಯಾಂಕಿಗೆ ಕುಂಕುಮ, ಚೈನಿಗೆ ಹಳೇ ಆಯಿಲ್

ಆಯುಧಪೂಜೆ ಕಳೆದ ವಾರ ಮೈಸೂರಿನ ಒಂದು ಬೈಕ್ ಗ್ಯಾರೇಜಿನಲ್ಲಿ ಈ ಸಂದರ್ಶನ ನಡೆಯಿತು. ಮಾತಿಗೆ ಒಪ್ಪಿದವರು 150 ಸಿಸಿ ಬೈಕೊಂದರ ಚೈನು. ಪತ್ರಿಕೆಯ ಪ್ರತಿನಿಧಿ ಹೋದಾಗ ಅವರು ತಗಡಿನ ಟ್ರೇಯಲ್ಲಿ ಸೀಮೆಎಣ್ಣೆಯೊಳಗೆ ಮುಳುಗಿದ್ದರು. ಎದ್ದು ನಮಸ್ಕರಿಸುವ ಸ್ಥಿತಿಯಲ್ಲಿಲ್ಲ, ಕ್ಷಮಿಸಬೇಕು ಎಂದರು. ಪಕ್ಕದಲ್ಲಿ ಸೆಂಟರ್ ಸ್ಟ್ಯಾಂಡಿನ ಮೇಲೆ ಅವರ ಬೈಕು. ಟ್ಯಾಂಕಿನ ಮೇಲೆ ಮೂರೆಳೆ ವಿಭೂತಿ, ಹೆಡ್‌ಲೈಟಿಗೆ ಕುಂಕುಮ, ಹ್ಯಾಂಡಲ್ಲಿನಲ್ಲಿ ಒಣಗಿದ ಚೆಂಡುಹೂವಿನ ಹಾರ.

ಹೆಸರು ಕೇಳಿದ್ದಕ್ಕೆ "428" ಎಂದರು. ಹಿಂದೆ ಜೈಲಿನಲ್ಲೇನಾದರೂ ಇದ್ದಿರಾ ಎಂದು ಪ್ರತಿನಿಧಿ ಸಂಕೋಚದಿಂದಲೇ ವಿಚಾರಿಸಿದ.

"ಅದು ಅಳತೆ ಸ್ವಾಮಿ. ಒಂದು ಪಿನ್ನಿನಿಂದ ಪಕ್ಕದ ಪಿನ್ನಿಗೆ ಅರ್ಧ ಇಂಚು, ಅಂದ್ರೆ 12.7 ಮಿಲಿಮೀಟರು. ದೊಡ್ಡ ಬೈಕುಗಳಲ್ಲಿರೋ 520 ಸಾಹೇಬರದ್ದು 15.875. ಅವರು ನಮ್ಮನ್ನ ಮಾತಾಡ್ಸಲ್ಲ."

ಊರು? ಮೂಲ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಕಡೆ ಎಂದರು, ಹೆಮ್ಮೆಯಿಂದಲೇ. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಹ್ಯಾನ್ಸ್ ರೆನಾಲ್ಡ್ 1879ರಲ್ಲಿ ಸಾಲ್ಫರ್ಡಿನಲ್ಲಿ ಜವಳಿ ಯಂತ್ರಗಳಿಗೆ ಚೈನು ಮಾಡುವ ಪುಟ್ಟ ಕಾರ್ಖಾನೆ ಕೊಂಡ. ಮರುವರ್ಷ, 1880ರಲ್ಲಿ, ಬುಷ್ ರೋಲರ್ ಚೈನು ತಂದ. ಪಿನ್ನಿನ ಮೇಲೆ ಬುಷ್ಷು, ಬುಷ್ಷಿನ ಮೇಲೆ ಉರುಳುವ ರೋಲರು. "ನೂರನಲವತ್ತು ವರ್ಷ ದಾಟಿತು, ಎಂಜಿನ್ನು ಎಷ್ಟು ವೇಷ ಬದಲಾಯಿಸಿತು ನೋಡಿ. ನನ್ನ ಮೈಕಟ್ಟು ಮಾತ್ರ ಹಾಗೇ ಇದೆ."

ಮೈಸೂರಿನ ಸಂಬಂಧವೂ ಇದೆ. 1961ರಿಂದ 1996ರವರೆಗೆ ಇದೇ ಊರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆ ನಡೆಯಿತು. ಜಾವಾ ಬೈಕಿನ ಚೈನಿಗೆ ಪೂರ್ತಿ ಮುಚ್ಚಿದ ತಗಡಿನ ಕೇಸು ಇತ್ತು. ಧೂಳಿಲ್ಲ, ಕೆಸರಿಲ್ಲ. ಆ ತಲೆಮಾರನ್ನು ನೆನೆದು ಚೈನು ಸ್ವಲ್ಪ ಹೊತ್ತು ಸೀಮೆಎಣ್ಣೆಯಲ್ಲಿ ಗುಳುಗುಳು ಎಂದರು. ಆಮೇಲೆ ಸ್ಪೋರ್ಟ್ಸ್ ಲುಕ್ ಬಂತು, ಎಷ್ಟೋ ಬೈಕುಗಳ ಕೇಸು ಹೋಯಿತು. ನೂರು ರೂಪಾಯಿಯ ಹೆಲ್ಮೆಟ್ ಹಾಕಿ ನೂರರ ವೇಗದಲ್ಲಿ ಹೋಗುವವರ ನಾಡಿನಲ್ಲಿ ಚೈನಿಗೆ ಮುಸುಕು ಬೇಕು ಎನ್ನುವವರು ಯಾರು?

"ಹಬ್ಬದ ದಿನ ಗಾಡಿಗೆ ಎಲ್ಲಾ ಉಪಚಾರ ಆಯ್ತಲ್ಲ, ನಿಮಗೇನು ಸಿಕ್ಕಿತು?" ಎಂದು ಪ್ರತಿನಿಧಿ ಕೇಳಿದ.

"ವಾಟರ್ ಸರ್ವಿಸ್ ಸಿಕ್ಕಿತು. ಪೈಪಿನಿಂದ ಮುಖಕ್ಕೇ ಜೋರಾಗಿ ನೀರು. ಇದ್ದಬದ್ದ ಎಣ್ಣೆ ತೊಳೆದುಹೋಯ್ತು. ಒರೆಸೋರು ಯಾರೂ ಇಲ್ಲ, ಎಣ್ಣೆ ಬಿಡೋರಂತೂ ಇಲ್ಲವೇ ಇಲ್ಲ. ಟ್ಯಾಂಕಿಗೆ ಮಾತ್ರ ಎರಡು ಸಲ ಪಾಲಿಶ್. ಬೂದುಗುಂಬಳಕಾಯಿ ಒಡೆದು, ಚಕ್ರದಡಿ ನಿಂಬೆಹಣ್ಣಿಟ್ಟು, ಮೂರು ರೌಂಡ್ ಹೊಡೆದು ನಿಲ್ಲಿಸಿದ್ರು. ಬೆಳಗಾಗೋದ್ರೊಳಗೆ ನನ್ನ ಮೈತುಂಬ ಕೆಂಪು ತುಕ್ಕು. ಓನರ್ರು ಅದನ್ನ ಕುಂಕುಮ ಅಂದ್ಕೊಂಡ್ರೋ ಏನೋ."

ಇಷ್ಟು ಹೇಳಿದ ಮೇಲೆ ಚೈನು ಲೆಕ್ಕಕ್ಕೆ ಇಳಿದರು. ಅವರ ಮೈಯಲ್ಲಿ ನೂರಕ್ಕೂ ಹೆಚ್ಚು ಕೊಂಡಿಗಳಿವೆ. ಬೈಕು ಒಂದು ಕಿಲೋಮೀಟರ್ ಓಡುವಷ್ಟರಲ್ಲಿ ಅವರು ಎರಡು ಸ್ಪ್ರಾಕೆಟ್‌ಗಳ ನಡುವೆ ಹತ್ತಿರ ಹತ್ತಿರ ಇನ್ನೂರು ಸುತ್ತು ಹಾಕುತ್ತಾರೆ. ಪ್ರತಿ ಸುತ್ತಿನಲ್ಲೂ ಪ್ರತಿಯೊಂದು ಕೀಲು ನಾಲ್ಕು ಸಲ ಆಡುತ್ತದೆ: ಮುಂದಿನ ಸ್ಪ್ರಾಕೆಟ್ ಹತ್ತುವಾಗ ಮಡಿಚಿ ಇಳಿಯುವಾಗ ನೆಟ್ಟಗಾಗಬೇಕು, ಹಿಂದಿನದರಲ್ಲೂ ಅದೇ ಕೆಲಸ. ಕಿಲೋಮೀಟರಿಗೆ ಎಂಟುನೂರು ಸಲ ಪಿನ್ನು ಬುಷ್ಷಿನೊಳಗೆ ಉಜ್ಜುತ್ತದೆ. ಒಳಗೆ ಎಣ್ಣೆ ಇದ್ದರೆ ಜಾರುತ್ತದೆ. ಮರಳಿದ್ದರೆ ಅರೆಯುತ್ತದೆ.

"ಚೈನು ಹಿಗ್ಗಿದೆ ಅಂತ ಎಲ್ಲರೂ ಹೇಳ್ತಾರಲ್ಲ?"

"ಉಕ್ಕಿನ ತಗಡು ಎಲ್ಲಿ ಹಿಗ್ಗುತ್ತೆ ಸ್ವಾಮಿ? ಒಳಗಡೆ ಪಿನ್ನು, ಬುಷ್ಷು ಸವೆಯುತ್ತೆ. ಒಂದೊಂದು ಕೀಲಲ್ಲಿ 0.1 ಮಿಲಿಮೀಟರ್ ಸವೆದ್ರೆ ನೂರು ಕೀಲಿಗೆ ಒಂದು ಸೆಂಟಿಮೀಟರ್ ಉದ್ದ ಆದೆ. ಹಿಂದಿನ ಸ್ಪ್ರಾಕೆಟ್ಟಿನ ಹಿಂಬದಿಯಲ್ಲಿ ನನ್ನ ಹಿಡಿದು ಎಳೀರಿ. ಹಲ್ಲು ಅರ್ಧಕ್ಕಿಂತ ಹೆಚ್ಚು ಕಾಣಿಸಿದ್ರೆ ನನ್ನ ಕಥೆ ಮುಗೀತು. ಆಗ ಎರಡು ಸ್ಪ್ರಾಕೆಟ್ಟನ್ನೂ ಸೇರಿಸಿ ಬದಲಾಯಿಸ್ಬೇಕು. ಹಳೇ ಹಲ್ಲಿಗೆ ಹೊಸ ಚೈನು ಹಾಕಿ ದುಡ್ಡು ಉಳಿಸಿದೆ ಅನ್ನೋರು ವರ್ಷ ತುಂಬೋ ಮೊದಲೇ ಇದೇ ಬೆಂಚಿಗೆ ಬರ್ತಾರೆ."

ಎಣ್ಣೆಯ ಮಾತು ಬಂದಾಗ ಚೈನಿನ ದನಿ ಏರಿತು. ಗ್ಯಾರೇಜಿನ ಮೂಲೆಯ ಡಬ್ಬದಲ್ಲಿ ಎಂಜಿನ್ನಿನಿಂದ ಇಳಿಸಿದ ಕಪ್ಪು ಆಯಿಲ್ ಇತ್ತು. ಎಷ್ಟೋ ಕಡೆ ಚೈನಿಗೆ ಸಿಗುವ ನೈವೇದ್ಯ ಇದೇ. ಮಸಿ, ಲೋಹದ ಪುಡಿ ಎಲ್ಲ ಬೆರೆತದ್ದು. ಮನೆಯವರು ಕಾಯಿಸಿ ಬಿಸಾಡಿದ ಎಣ್ಣೆಯನ್ನು ಅತಿಥಿಯ ತಲೆಗೆ ಹಚ್ಚಿದಂತೆ. ಇನ್ನು ಕೆಲವರು ಡಬ್ಲ್ಯೂಡಿ-40 ಡಬ್ಬಿ ಹಿಡಿದು ಸರ್ರನೆ ಎರಚಿ ಕೈತೊಳೆದುಕೊಳ್ಳುತ್ತಾರೆ. 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ತುಕ್ಕು ತಡೆದು ನೀರು ಹೊರದಬ್ಬಲೆಂದು ಮಾಡಿದ ದ್ರವ ಅದು. ಅಟ್ಲಾಸ್ ಕ್ಷಿಪಣಿಯ ಹೊರಮೈಗೆ ಬಳಕೆಯಾಗಿತ್ತು. "ಕ್ಷಿಪಣಿ ಒಂದೇ ಸಲ ಹೋಗೋದು ಸ್ವಾಮಿ. ನಾನು ದಿನಾ ಹೋಗ್ಬೇಕು. ನನಗೆ 90 ನಂಬರ್ ಗೇರ್ ಆಯಿಲ್ ಸಾಕು, ಇಲ್ಲಾಂದ್ರೆ ಚೈನಿಗೆ ಅಂತಲೇ ಬರೋ ಸ್ಪ್ರೇ."

ಎಲ್ಲಿ ಬಿಡಬೇಕು ಎನ್ನುವುದು ಅವರ ಪ್ರಕಾರ ಇನ್ನೂ ದೊಡ್ಡ ವಿಷಯ. ಜನ ಹೊರಗಿನ ಪ್ಲೇಟಿಗೆ ಬಳಿದು ಹೊಳಪು ನೋಡಿ ಖುಷಿಪಡುತ್ತಾರೆ. ಎಣ್ಣೆ ಹೋಗಬೇಕಾದದ್ದು ಪ್ಲೇಟುಗಳ ಸಂದಿಗೆ, ರೋಲರಿನ ಅಂಚಿಗೆ. ಕೆಳಗಿನ ಸಾಲಿನ ಒಳಮೈಗೆ ತೆಳ್ಳಗೆ ಬಿಟ್ಟು ಚಕ್ರವನ್ನು ಕೈಯಲ್ಲೇ ತಿರುಗಿಸಿದರೆ, ಗಾಡಿ ಓಡುವಾಗ ಸುತ್ತಿನ ರಭಸಕ್ಕೆ ಅದೇ ಹೊರಗಿನ ಸಂದಿಗೂ ಹರಡುತ್ತದೆ. ಗಾಡಿ ಓಡಿ ಬಂದು ಚೈನು ಬೆಚ್ಚಗಿರುವಾಗಲೇ ಈ ಕೆಲಸ ಮಾಡಿದರೆ ಒಳ್ಳೆಯದು. ಅರ್ಧ ಗಂಟೆ ಬಿಟ್ಟು, ಹೆಚ್ಚಿದ್ದನ್ನು ಬಟ್ಟೆಯಲ್ಲಿ ಒರೆಸಬೇಕು. ಒರೆಸದಿದ್ದರೆ ಹಿಂದಿನ ಟೈರಿಗೂ ಸವಾರನ ಪ್ಯಾಂಟಿಗೂ ಚುಕ್ಕೆ ರಂಗೋಲಿ.

"ಎಷ್ಟು ದಿನಕ್ಕೊಮ್ಮೆ?"

"ದಿನ ಕೇಳ್ಬೇಡಿ, ಕಿಲೋಮೀಟರ್ ಕೇಳಿ. 500ಕ್ಕೊಂದು ಸಲ. ಮಳೇಲಿ ನೆಂದ್ರೆ ಅವತ್ತೇ."

ಎಲ್ಲ ಚೈನುಗಳಿಗೂ ಇಂಥ ಸೀಮೆಎಣ್ಣೆ ಸ್ನಾನ ಆಗುತ್ತದೆಯೇ ಎಂಬ ಪ್ರಶ್ನೆಗೆ ಅವರು ತಮ್ಮ ಓ-ರಿಂಗ್ ಬಂಧುಗಳ ವಿಷಯ ಎತ್ತಿದರು. ಅವರ ಪ್ಲೇಟುಗಳ ನಡುವೆ ಪುಟ್ಟ ರಬ್ಬರ್ ಬಳೆಗಳಿವೆ. ಪಿನ್ನಿನ ಗ್ರೀಸನ್ನು ಕಂಪನಿಯಲ್ಲೇ ತುಂಬಿ ಮುಚ್ಚಿರುತ್ತಾರೆ. ಅವರಿಗೆ ಬಟ್ಟೆಗೆ ಸೀಮೆಎಣ್ಣೆ ಅದ್ದಿ ಒರೆಸಿ, ಮೆತ್ತನೆಯ ಬ್ರಷ್ ಆಡಿಸಿದರೆ ಸಾಕು. ಪೆಟ್ರೋಲ್ ಸುರಿದರೆ ಬಳೆ ಉಬ್ಬಿ ಹಾಳಾಗುತ್ತದೆ, ತಂತಿ ಬ್ರಷ್ಷಿನಿಂದ ಉಜ್ಜಿದರೆ ಹರಿಯುತ್ತದೆ. ಬಳೆ ಹೋದರೆ ಗ್ರೀಸು ಹೋಯಿತು. "ಅವರನ್ನ ಕೊಲ್ಲೋದು ಅಸಡ್ಡೆ ಅಲ್ಲ ಸ್ವಾಮಿ, ವಿಪರೀತ ಪ್ರೀತಿ. ಮೊಬೈಲಲ್ಲಿ ವಿಡಿಯೋ ನೋಡ್ಕೊಂಡು ಭಾನುವಾರ ಬೆಳಿಗ್ಗೆ ತಂತಿ ಬ್ರಷ್ ಹಿಡಿದು ಕೂರ್ತಾರೆ."

ಪ್ರತಿನಿಧಿ ಕಟು ಪ್ರಶ್ನೆಯೊಂದನ್ನು ಉಳಿಸಿಕೊಂಡಿದ್ದ. ಸೀರೆ ಸೆರಗು, ದುಪಟ್ಟಾ ನಿಮ್ಮ ಬಾಯಿಗೆ ಸಿಕ್ಕಿ ಜೀವ ಹೋದದ್ದಿದೆಯಲ್ಲ? ಚೈನು ಜಾರಿಕೊಳ್ಳಲಿಲ್ಲ. ನನಗೆ ಬಟ್ಟೆ ಯಾವುದು, ಹಲ್ಲು ಯಾವುದು ಗೊತ್ತಾಗಲ್ಲ ಎಂದರು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೆಯ ನಿಯಮ ಹಿಂದೆ ಕೂರುವವರಿಗೆ ಹಿಡಿಕೆ, ಕಾಲಿಡಲು ಫುಟ್‌ರೆಸ್ಟ್, ಹಿಂದಿನ ಚಕ್ರದ ಅರ್ಧದಷ್ಟನ್ನಾದರೂ ಮುಚ್ಚುವ ರಕ್ಷಣೆ ಇರಬೇಕೆನ್ನುತ್ತದೆ. ಹಾಕಿಕೊಟ್ಟ ಸೀರೆ ಗಾರ್ಡನ್ನು ಬಿಚ್ಚಿ ಅಟ್ಟಕ್ಕೆಸೆದು, ಅಮ್ಮನನ್ನು ಹಿಂದೆ ಕೂರಿಸಿಕೊಂಡು ದೇವಸ್ಥಾನಕ್ಕೆ ಹೊರಡುವವರನ್ನು ಏನೆನ್ನಬೇಕೆಂದು ಚೈನು ಕೇಳಿದರು. ಪ್ರತಿನಿಧಿ ಬರೆದುಕೊಂಡ, ಉತ್ತರಿಸಲಿಲ್ಲ.

ಎಲೆಕ್ಟ್ರಿಕ್ ಗಾಡಿ ಬಂದರೆ ನಿಮ್ಮ ಕಾಲ ಮುಗಿಯಿತಲ್ಲ ಎಂದಾಗ ನಕ್ಕರು. ಏಥರ್ 450ರಲ್ಲಿ ಬೆಲ್ಟ್ ಇದೆ, ನಿಜ. ಆದರೆ ಬೆಂಗಳೂರಿನ ಅಲ್ಟ್ರಾವಯೊಲೆಟ್ ಎಫ್77 ಬೈಕಿನ ಹಿಂಚಕ್ರ ತಿರುಗಿಸುವುದು ಚೈನೇ. "ಪೆಟ್ರೋಲಿಲ್ಲ, ಸೈಲೆನ್ಸರ್ ಇಲ್ಲ. ನಾನಿದ್ದೀನಿ."

ಅಷ್ಟರಲ್ಲಿ ಗ್ಯಾರೇಜಿನ ಹುಡುಗ ಅವರನ್ನು ಟ್ರೇಯಿಂದ ಎತ್ತಿ, ಒರೆಸಿ, ಸ್ಪ್ರಾಕೆಟ್ಟಿಗೆ ಏರಿಸಿ ಲಾಕ್ ಹಾಕತೊಡಗಿದ. ಚೈನು ಪ್ರತಿನಿಧಿಯನ್ನು ಮರೆತೇಬಿಟ್ಟರು.

"ಲೋ ಮಗಾ, ಲಾಕ್ ಉಲ್ಟಾ ಕಣೋ! ಮುಚ್ಚಿರೋ ತುದಿ ನಾನು ಓಡೋ ದಿಕ್ಕಿಗೆ ಇರ್ಬೇಕು. ಹಾಂ, ಹಂಗೆ. ಈಗ ಕೆಳಗಿನ ಸಾಲಿನ ನಡುವೆ ಒತ್ತಿ ನೋಡು, ಮ್ಯಾನ್ಯುಯಲ್ ಹೇಳಿದಷ್ಟೇ ಆಡ್ಲಿ. ವೀಣೆ ತಂತಿ ಥರ ಬಿಗೀಬೇಡ, ಇಬ್ಬರು ಕೂತ್ರೆ ಗೇರ್‌ಬಾಕ್ಸ್ ಬೇರಿಂಗ್ ಹೋಗುತ್ತೆ. ಏಯ್, ಸೆಲ್ಫಿಂದ ಕೈ ತೆಗಿ! ಎಂಜಿನ್ ಆನ್ ಮಾಡಿ ಬಟ್ಟೆ ಹಿಡಿದೋರ ಬೆರಳು ಎಷ್ಟು ಹೋಗಿವೆ ಗೊತ್ತಾ? ನ್ಯೂಟ್ರಲ್ಲಿಗೆ ಹಾಕಿ ಕೈಯಲ್ಲೇ ಚಕ್ರ ತಿರುಗ್ಸು."

ಓನರ್ ಬಂದರು. ಚೈನಿನ ಕಡೆ ನೋಡಲಿಲ್ಲ. ಟ್ಯಾಂಕಿನ ಮೇಲೆ ಬೆರಳಾಡಿಸಿ, ವಿಭೂತಿ ಗುರುತು ಹೋಗಲು ಯಾವ ಪಾಲಿಶ್ ಹಾಕಿದರೆ ಒಳ್ಳೆಯದು ಎಂದು ಮೆಕ್ಯಾನಿಕ್ಕನ್ನು ಕೇಳಿದರು.